ಮೂವತ್ತೆರಡು ಹಲ್ಲಿನ ಗಾಲಿ

ಸೀಮೆಎಣ್ಣೆಯಲ್ಲಿ ನೆನೆಸಿಟ್ಟ ಸೈಕಲ್ ಚೈನಿನ ವಾಸನೆ ನಿಮಗೆ ಗೊತ್ತಿರಬಹುದು. ಸೀಮೆಎಣ್ಣೆ, ಹಳೇ ಗ್ರೀಸು, ರಸ್ತೆಯ ಧೂಳು, ಮೂರೂ ಕೂಡಿದ ವಾಸನೆ. ಹೋದ ತಿಂಗಳು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಂದು ಸೈಕಲ್ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಾಗ ಅದು ಮೂಗಿಗೆ ಬಡಿಯಿತು. ನನಗೆ ಅಲ್ಲೇನೂ ಕೆಲಸವಿರಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಮಗಳು ಮೈ ಇಳಿಸುವ ಹಟಕ್ಕೆ ಬಿದ್ದು ಗುಡ್ಡ ಹತ್ತುವ ಸೈಕಲ್ಲೊಂದನ್ನು ಕೊಂಡಿದ್ದಳು. ಏರಿನಲ್ಲಿ ಇನ್ನೂ ಭಾರವಾಗುತ್ತದೆಂದು ಹಿಂದಿನ ಗಾಲಿಗೆ ಮತ್ತಷ್ಟು ದೊಡ್ಡ ಹಲ್ಲುಗಾಲಿಗಳ ಗೊಂಚಲು ಹಾಕಿಸಲು ಬಂದಿದ್ದಳು. ಮುದುಕಿಗೂ ಒಂದಿಷ್ಟು ಹೊರಗಿನ ಗಾಳಿ ಸಿಗಲೆಂದು ನನ್ನನ್ನೂ ಎಳೆತಂದಿದ್ದಳು.

"ಈ ಡಿರೇಲರಿಗೆ ಇಷ್ಟು ದೊಡ್ಡ ಕ್ಯಾಸೆಟ್ ಕೂಡಂಗಿಲ್ರಿ ಮೇಡಮ್" ಎಂದ ಅಂಗಡಿಯವನು.

ಕ್ಯಾಸೆಟ್ ಎಂದರೆ ಆ ಹಲ್ಲುಗಾಲಿಗಳ ಗೊಂಚಲು. ಹಿಂದಿನ ಗಾಲಿಯ ಬದಿಗೆ ಜೋತುಬಿದ್ದಿರುತ್ತದಲ್ಲ, ಎರಡು ಪುಟ್ಟ ಚಕ್ರಗಳಿರುವ ಒಂದು ಕೈ, ಅದೇ ಡಿರೇಲರ್. ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ದಾಟಿಸುವುದು ಅದೇ, ಮಿಕ್ಕ ಚೈನು ಸಡಿಲಾಗದಂತೆ ಎಳೆದು ಹಿಡಿಯುವುದೂ ಅದೇ. ಅದಕ್ಕೊಂದು ಮಿತಿಯಿದೆ ಎಂದು ಅವನು ಮಗಳಿಗೆ ತಿಳಿಸಿ ಹೇಳಿದ. ಎಷ್ಟು ಹಲ್ಲಿನ ಗಾಲಿಯವರೆಗೆ ಅದು ಏರೀತು, ಎಷ್ಟು ಚೈನು ನುಂಗೀತು ಎಂಬುದನ್ನು ಮಾಡಿದವರೇ ಬರೆದಿಟ್ಟಿರುತ್ತಾರಂತೆ. ಮೊಬೈಲ್ ತೆಗೆದ, ಬೆರಳನ್ನು ಎರಡು ಸಲ ಸರಿಸಿದ, ಉದ್ದನೆಯ ಕೈಯಿರುವ ಬೇರೆ ಡಿರೇಲರ್ ಬೇಕು ಎಂದ. ಎಲ್ಲ ಸೇರಿ ಒಂದು ನಿಮಿಷ ಹಿಡಿದಿರಬೇಕು. ಇದೇ ಮಾತನ್ನು ಕಂಡುಕೊಂಡು ಅಂಥದೊಂದು ಕೈ ಮಾಡಲು ಒಬ್ಬರು ಇಪ್ಪತ್ತೆರಡು ದಿನ ಒದ್ದಾಡಿದ್ದನ್ನು ನಾನು ಕಣ್ಣಾರೆ ಕಂಡವಳು...

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ಗುಡೂರಿನಲ್ಲಿ ನರ್ಸಬಾಯಿ. ಸರ್ಕಾರಿ ಕಾಗದದಲ್ಲಿ ನನ್ನ ಹುದ್ದೆಗೆ ಉದ್ದನೆಯ ಬೇರೆ ಹೆಸರಿತ್ತು, ಊರಿಗೆ ಮಾತ್ರ ನಾನು ನರ್ಸಬಾಯಿಯೇ. ಬಿಳಿ ಸೀರೆ, ಲೇಡೀಸ್ ಸೈಕಲ್ಲು, ಯಾರಿಗೂ ಹೆದರದ ನಾಲಿಗೆ, ಇವಿಷ್ಟು ನನ್ನ ಆಸ್ತಿ. ನನ್ನ ಪಾಲಿಗೆ ಬಂದ ಊರುಗಳಲ್ಲಿ ಒಂದು ಗುಡ್ಡದ ಮೇಲಿತ್ತು. ಅದನ್ನು ಎಲ್ಲರೂ ಮ್ಯಾಲಿನ ಊರು ಎನ್ನುತ್ತಿದ್ದರು, ನಾನೂ ಹಾಗೆಯೇ ಅನ್ನುತ್ತೇನೆ. ಬಸ್ಸು ಹೋಗುತ್ತಿರಲಿಲ್ಲ. ಕೆಂಪು ಬಂಡೆಯ ನಡುವೆ ಸುತ್ತಿ ಸುತ್ತಿ ಏರುವ ಬಂಡಿದಾರಿ ಒಂದೇ.

ತಿಂಗಳಿಗೊಮ್ಮೆ ಹುನಗುಂದದಿಂದ ಬೆಳಗಿನ ಬಸ್ಸಿನಲ್ಲಿ ಕೂಸುಗಳ ಲಸಿಕೆ ಬರುತ್ತಿತ್ತು. ಐಸ್ ತುಂಬಿದ ಒಂದು ಹಳೇ ಡಬ್ಬಿ, ಅದರ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಗುಡೂರು ಮುಟ್ಟುವಷ್ಟರಲ್ಲಿ ಅರ್ಧ ಐಸ್ ನೀರಾಗಿರುತ್ತಿತ್ತು. ಉಳಿದರ್ಧ ಕರಗುವುದರೊಳಗೆ ಲಸಿಕೆ ಕೂಸಿನ ಮೈ ಸೇರಬೇಕು, ತಡವಾದರೆ ಅದು ಔಷಧವಲ್ಲ, ಬರೀ ನೀರು. ಕೆಳಗಿನ ಊರುಗಳಿಗೆ ಇದೇನೂ ತೊಂದರೆಯಲ್ಲ. ಮ್ಯಾಲಿನ ಊರಿಗೆ ಮಾತ್ರ ಸೈಕಲ್ ಮೇಲೆ ಕೂತು ಏರಲು ಆಗುತ್ತಿರಲಿಲ್ಲ, ಡಬ್ಬಿ ಕಟ್ಟಿಕೊಂಡು ದಬ್ಬಿಕೊಂಡೇ ಹೋಗಬೇಕು. ಬೇಸಿಗೆಯಲ್ಲಿ ಎರಡು ಸಲ ಏದುಸಿರು ಬಿಡುತ್ತ ಮೇಲೆ ಮುಟ್ಟಿ, ಡಬ್ಬಿ ತೆರೆದು, ಬಾಟಲಿಗಳನ್ನು ಚೆಲ್ಲಿ ಇಳಿದು ಬಂದೆ. ಹೊಲದ ಕೆಲಸ ಬಿಟ್ಟು ಕೂಸು ಹೊತ್ತು ಕಟ್ಟೆಯ ಮೇಲೆ ಕಾದಿದ್ದ ಹೆಂಗಸರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಮೂರನೇ ಸಲ ಅರ್ಧಕ್ಕರ್ಧ ಮಂದಿ ಬರಲೇ ಇಲ್ಲ. ನಾನಾಗಿದ್ದರೂ ಬರುತ್ತಿರಲಿಲ್ಲ.

ಆ ಸಿಟ್ಟನ್ನು ಯಾರ ಮೇಲೆ ಹಾಕಲಿ? ಸೈಕಲ್ ಕಾಕಾನ ಮೇಲೆ ಹಾಕಿದೆ.

ಬಸ್ಸು ನಿಲ್ಲುವ ಜಾಗದಲ್ಲಿ ಬೇವಿನ ಮರದ ಕೆಳಗೆ ಅವರ ತಗಡಿನ ಅಂಗಡಿ. ಮೂಲತಃ ಇಳಕಲ್ಲಿನ ನೇಕಾರರ ಮನೆಯವರು. ಮೂವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯ್ದಿದ್ದರು. ಸೊಂಟ ಕೈಕೊಟ್ಟ ಮೇಲೆ ಮಗ್ಗ ಬಿಟ್ಟು, ಹೆಂಡತಿಯ ತವರೂರಾದ ಗುಡೂರಿಗೆ ಬಂದು ಸೈಕಲ್ ರಿಪೇರಿಯ ಪಾನಾ ಹಿಡಿದಿದ್ದರು. ಅರವತ್ತರ ಹತ್ತಿರದ ವಯಸ್ಸು, ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಬೇರೆಯವರ ಅಂಗಿಯ ಜೇಬಿನಲ್ಲಿ ಬೀಡಿ ಇದ್ದರೆ ಇವರ ಜೇಬಿನಲ್ಲಿ ಒಂದು ರೇಷ್ಮೆ ನೂಲಿನ ಉಂಡೆ ಇರುತ್ತಿತ್ತು. ಏನನ್ನೇ ಅಳೆಯುವುದಿದ್ದರೂ ಆ ನೂಲಿನಲ್ಲೇ ಅಳೆಯುತ್ತಿದ್ದರು. ಟೇಪು ಎಲ್ಲೋ ಒಂದು ಮೊಳೆಗೆ ತೂಗಿ ತುಕ್ಕು ಹಿಡಿಯುತ್ತಿತ್ತು.

ನಿಮ್ಮ ರಿಪೇರಿಯೇ ಸರಿಯಿಲ್ಲ, ಎಷ್ಟು ಸಲ ಮಾಡಿದರೂ ಸೈಕಲ್ಲು ಗುಡ್ಡ ಏರುವುದಿಲ್ಲ ಎಂದು ನಾನು ಅವರ ಮುಂದೆ ಕೂಗಾಡಿದೆ. ಅವರು ಕೇಳಿಸಿಕೊಂಡರು. ಬಸ್ಸು ಬಂದ ಮೇಲೆ ಐಸ್ ಎಷ್ಟು ಹೊತ್ತು ತಡೆಯುತ್ತದೆ, ದಬ್ಬಿಕೊಂಡು ಹೋದರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಎರಡೇ ಪ್ರಶ್ನೆ ಕೇಳಿದರು. ಹೇಳಿದೆ. ಆಮೇಲೆ ಎದ್ದು ಒಳಗಿನ ಗೂಟದಿಂದ ಎಣ್ಣೆಬಟ್ಟೆಯ ಗಂಟೊಂದನ್ನು ತೆಗೆದರು.

ಆ ಗಂಟಿನ ಕತೆ ಊರಿಗೆಲ್ಲ ಗೊತ್ತಿತ್ತು. ಪಟ್ಟದಕಲ್ಲು, ಐಹೊಳೆ ನೋಡಲು ಸೈಕಲ್ ಮೇಲೆ ಬಂದಿದ್ದ ಪರದೇಶದವನೊಬ್ಬ ಎತ್ತಿನ ಬಂಡಿಗೆ ಗುದ್ದಿ ತನ್ನ ಸೈಕಲ್ಲನ್ನು ನುಜ್ಜುಗುಜ್ಜು ಮಾಡಿಕೊಂಡು, ಅದನ್ನು ಕಾಕಾನ ಅಂಗಡಿಯಲ್ಲಿಯೇ ಬಿಟ್ಟು ಬಸ್ಸು ಹತ್ತಿ ಹೋಗಿದ್ದ. ಉಳಿಯುವಂಥದ್ದನ್ನು ಕಾಕಾ ಬಿಚ್ಚಿ ಇಟ್ಟಿದ್ದರು. ಐದು ಹಲ್ಲುಗಾಲಿಗಳ ಗೊಂಚಲು, ಒಂದು ಸಣ್ಣ ಚೈನು, ಗೇರು ಬದಲಿಸುವ ಒಂದು ಹಿಡಿಕೆ, ಮತ್ತೆ ಆ ಜೋತುಬೀಳುವ ಕೈ. ಅವರು ಅದನ್ನು ಕೈ ಎಂದೇ ಕರೆಯುತ್ತಿದ್ದರು. ನಾಲ್ಕು ವರ್ಷದಿಂದ ಪ್ರತಿ ಅಮಾವಾಸ್ಯೆಗೆ ಅಂಗಡಿ ಮುಚ್ಚಿದ ದಿನ ಅದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ತಿರುಗಿಸಿ ನೋಡಿ, ಮತ್ತೆ ಕಟ್ಟಿಡುತ್ತಿದ್ದರಂತೆ. ಮಗ್ಗದವರು ಅಮಾವಾಸ್ಯೆ ಮಗ್ಗ ಮುಟ್ಟುವುದಿಲ್ಲ. ಇವರಿಗೆ ಕೈ ಸುಮ್ಮನಿರದೆ ಇದೊಂದು ಆಟ.

"ಇದು ಏನ್ ಮಾಡತೈತಿ ಅನ್ನೂದು ನನಗ ಗೊತ್ತಾಗೇತ್ರಿ ಬಾಯಾರ. ಯಾರಿಗೆ ಮಾಡ್ಲಿ ಅನ್ನೂದು ಗೊತ್ತಿರಲಿಲ್ಲ" ಎಂದರು.

ನನ್ನ ಸೈಕಲ್ಲಿನ ಕೆಲಸ ಶುರುವಾಯಿತು. ದಿನಾ ಸಂಜೆ ಕೆಲಸ ಮುಗಿಸಿ ಅಲ್ಲಿ ಹೋಗಿ ಕೂರುವುದು ನನಗೆ ಚಟವಾಯಿತು. ಪರದೇಶದ ಚೈನು ಅಗಲದಲ್ಲಿ ಸಣ್ಣದು, ಪೆಡಲಿನ ಹತ್ತಿರದ ನಮ್ಮ ಮುಂದಿನ ಹಲ್ಲುಗಾಲಿಯ ಹಲ್ಲು ದಪ್ಪ. ಅಷ್ಟೂ ಹಲ್ಲುಗಳನ್ನು ಎರಡೂ ಬದಿಯಿಂದ ಅರ ಹಾಕಿ ತೆಳ್ಳಗೆ ಮಾಡಿದರು. ಸೀರೆ ಉಟ್ಟವಳು ಬಗ್ಗಿ ಹಿಡಿಕೆ ಎಳೆಯಲಾಗದೆಂದು ಅದನ್ನು ಹ್ಯಾಂಡಲ್ಲಿಗೆ ತಂದರು. ಆದರೆ ಆ ಐದು ಗಾಲಿಗಳಲ್ಲಿ ಎಲ್ಲಕ್ಕಿಂತ ದೊಡ್ಡದೂ ನಮ್ಮ ಗುಡ್ಡಕ್ಕೆ ಸಾಲದು. ಅದು ಸಪಾಟು ರಸ್ತೆಯವರ ಗೊಂಚಲು. ಇನ್ನೂ ದೊಡ್ಡದು ಬೇಕು, ಅದು ಎಲ್ಲೂ ಸಿಗುವಂಥದ್ದಲ್ಲ. ಕಾಕಾ ಮಾಡಲು ಕೂತರು.

ಅದನ್ನು ಮಾಡಿದ ರೀತಿ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಟ್ಟಿಗೆ ಅಡ್ಡೆಯಿಂದ ಮುರಿದ ಗರಗಸದ ತಗಡು ತಂದರು. ಚೈನಿನ ಮೂವತ್ತೆರಡು ಕೊಂಡಿಯಷ್ಟು ಉದ್ದಕ್ಕೆ ನೂಲು ಕತ್ತರಿಸಿದರು. ಅದನ್ನು ಅರ್ಧಕ್ಕೆ ಮಡಿಸಿ ನೀಲಿಯಿಂದ ಗುರುತು ಹಾಕಿದರು, ಮತ್ತೆ ಅರ್ಧಕ್ಕೆ, ಮತ್ತೆ ಅರ್ಧಕ್ಕೆ. ಐದು ಸಲ ಮಡಿಸುವಷ್ಟರಲ್ಲಿ ನೂಲಿನ ಮೇಲೆ ಮೂವತ್ತೆರಡು ಭಾಗ, ಒಂದಕ್ಕೊಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಆ ನೂಲನ್ನು ತಗಡಿನ ದುಂಡಿಗೆ ಸುತ್ತಿ, ಗುರುತು ಇದ್ದಲ್ಲೆಲ್ಲ ಅರ ಹಿಡಿದು ಹಲ್ಲು ತೆಗೆದರು. ನಾನು ಓದಿದವಳು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಪಾಸಾದವಳು. ದುಂಡನ್ನು ಮೂವತ್ತೆರಡು ಮಾಡು ಎಂದಿದ್ದರೆ ಕಂಪಾಸು ಹುಡುಕುತ್ತ ಸಂಜೆ ಕಳೆಯುತ್ತಿದ್ದೆ. "ಮನಷ್ಯಾನ ಬಾಯಾಗ ಎಷ್ಟೋ ಅಷ್ಟ" ಎಂದು ಅವರು ನಕ್ಕಿದ್ದು ನೆನಪಿದೆ. ಅವರು ನಕ್ಕಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ.

ದೊಡ್ಡ ಗಾಲಿ ಕೂರಿಸಿದಾಗ ಕೈಯ ಮೇಲಿನ ಪುಟ್ಟ ಚಕ್ರ ಅದಕ್ಕೆ ತಾಗಿ ಕರಕರ ಎಂದಿತು. ಬೆರಳುದ್ದದ ಪಟ್ಟಿ ಸೇರಿಸಿ ಕೈಯನ್ನು ಕೆಳಗಿಳಿಸಿದರು, ಸದ್ದು ಹೋಯಿತು. ಚೈನು ಎಲ್ಲ ಗಾಲಿಗೂ ಏರಿತು, ಇಳಿಯಿತು. ಲಸಿಕೆಯ ಹಿಂದಿನ ಸಂಜೆ ಸೈಕಲ್ಲು ನನ್ನ ಕೈಗೆ ಬರುವ ಹೊತ್ತಿಗೆ ಒಂದು ಕೊರತೆ ಮಾತ್ರ ಉಳಿದಿತ್ತು. ಚೈನು ಸಣ್ಣ ಗಾಲಿಯ ಮೇಲಿದ್ದಾಗ ಕೆಳಗೆ ಸಡಿಲಾಗಿ ಜೋಲುತ್ತಿತ್ತು. ಕಾಕಾನಿಗೆ ಅದು ಕಣ್ಣಲ್ಲಿ ಕಸ ಬಿದ್ದಂತೆ ಆಗಿರಬೇಕು. ಮೂವತ್ತು ವರ್ಷ ಮಗ್ಗದ ಮುಂದೆ ಕೂತವರು, ಉದ್ದಕ್ಕೆ ಬಿಗಿದ ಹಾಸಿನ ನೂಲು ಒಂದೆಳೆ ಸಡಿಲಾದರೂ ಸೀರೆ ಕೆಟ್ಟಿತು ಎಂದು ಬೈಸಿಕೊಂಡು ಬೆಳೆದವರು. ಆರು ಕೊಂಡಿ ಕಿತ್ತರು. ಚೈನು ಬಿಗಿಯಾಯಿತು. ಸಮಾಧಾನದಿಂದ ಸೈಕಲ್ಲು ಕೊಟ್ಟರು. ದೊಡ್ಡ ಗಾಲಿಗೆ ಚೈನು ಹಾಕಿ ಇನ್ನೊಮ್ಮೆ ನೋಡಲಿಲ್ಲ...

ಮರುದಿನ ಗುಡ್ಡದ ಮೊದಲ ಏರಿನಲ್ಲೇ ನಾನು ಹಿಡಿಕೆ ಎಳೆದೆ. ಚೈನು ದೊಡ್ಡ ಗಾಲಿಗೆ ಏರಲು ಹೋಯಿತು, ಉದ್ದ ಸಾಲಲಿಲ್ಲ, ಕೈಯನ್ನು ಎಳೆದುಕೊಂಡು ಚಕ್ರದ ಕಡ್ಡಿಗಳೊಳಗೆ ನುಗ್ಗಿಸಿತು. ಹಿಂದಿನ ಚಕ್ರ ಸಿಕ್ಕಿಕೊಂಡು ನಿಂತಿತು. ನಾನು ಒಂದು ಕಡೆ, ಡಬ್ಬಿ ಒಂದು ಕಡೆ. ಮೊಣಕಾಲು ಒಡೆದದ್ದು ಆಮೇಲೆ ಗೊತ್ತಾಯಿತು. ಮೊದಲು ಕಂಡದ್ದು ಕೆಂಪು ಬಂಡೆಯ ಮೇಲೆ ಐಸಿನ ಚೂರುಗಳು, ಒಡೆದ ಬಾಟಲಿಗಳು. ಅವತ್ತು ಮೇಲೆ ಹೋಗಲಿಲ್ಲ. ಹೋಗಿ ಏನು ತೋರಿಸಲಿ?

ಮುರಿದ ಸೈಕಲ್ಲನ್ನು ಬಂಡಿಯಲ್ಲಿ ತಂದು ಅಂಗಡಿಯ ಮುಂದೆ ಇಳಿಸಿದಾಗ ಕಾಕಾ ನನ್ನ ಮೊಣಕಾಲನ್ನೂ ಸೈಕಲ್ಲನ್ನೂ ನೋಡಿದರು. ಒಂದೇ ನೋಟಕ್ಕೆ ಅವರಿಗೆ ತಿಳಿಯಿತು. "ಮಗ್ಗದ ಬುದ್ಧಿ ನನ್ನ ಕೆಡಿಸ್ತ್ರಿ" ಎಂದರು. ಎರಡು ದಿನ ಅಂಗಡಿ ತೆಗೆಯಲಿಲ್ಲ. ಮೂರನೇ ದಿನ ಹೋದರೆ, ನೆಲದ ಮೇಲೆ ಎರಡು ಎಳೆ ನೂಲು ಚಾಚಿಕೊಂಡು ಕೂತಿದ್ದರು.

ಒಂದು, ಮುಂದಿನ ಹಲ್ಲುಗಾಲಿಗೂ ಹಿಂದಿನ ದೊಡ್ಡ ಗಾಲಿಗೂ ಸುತ್ತಿ ತೆಗೆದ ನೂಲು. ಇನ್ನೊಂದು, ಅದೇ ಮುಂದಿನದಕ್ಕೂ ಹಿಂದಿನ ಎಲ್ಲಕ್ಕಿಂತ ಸಣ್ಣದಕ್ಕೂ ಸುತ್ತಿದ್ದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅರ್ಧ ಗೇಣು ವ್ಯತ್ಯಾಸ. ಚೈನು ದೊಡ್ಡದಕ್ಕೆ ಸಾಲುವಷ್ಟು ಇರಲೇಬೇಕು, ಹಾಗಾದರೆ ಸಣ್ಣದಕ್ಕೆ ಇಳಿದಾಗ ಆ ಅರ್ಧ ಗೇಣು ಎಲ್ಲಾದರೂ ಹೋಗಬೇಕು. ಅದನ್ನು ನುಂಗುವುದು ಕೈಯ ಕೆಲಸ. ಈ ಕೈ ಎಷ್ಟು ನುಂಗುತ್ತದೆಂದು ಅದಕ್ಕೂ ನೂಲು ಹಿಡಿದು ನೋಡಿದ್ದರು, ಮೂರು ಬೆರಳಷ್ಟೇ. ಸಣ್ಣ ಗೊಂಚಲಿಗೆ ಹುಟ್ಟಿದ ಕೈಗೆ ದೊಡ್ಡ ಗಾಲಿ ಕಟ್ಟಿದ್ದೇ ತಪ್ಪು, ಕಟ್ಟಬೇಕಾದರೆ ಕೈಯನ್ನೂ ಬೆಳೆಸಬೇಕು. ಯಾವ ಪುಸ್ತಕವೂ ಇಲ್ಲ, ಹೇಳಿಕೊಡುವವರಿಲ್ಲ, ಅಂಥ ಇನ್ನೊಂದು ಸೈಕಲ್ಲನ್ನು ಕಂಡವರೂ ಇಲ್ಲ. ಎರಡು ಎಳೆ ನೂಲಿನಿಂದ ಆ ಮನುಷ್ಯ ಅದನ್ನು ಕಂಡುಕೊಂಡಿದ್ದರು. ನನಗೆ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು ಅನ್ನಿಸಿತು. ಮಾಡಲಿಲ್ಲ, ಚಹಾ ತರಿಸಿದೆ.

ಉಳಿದ ಗರಗಸದ ತಗಡಿನಿಂದ ಹೊಸ ಕೈ ಕೊರೆದರು. ಮೊದಲನೆಯದು ಡೊಂಕಾಯಿತು, ಎರಡನೆಯದರ ಸ್ಪ್ರಿಂಗು ಹಿಡಿಯಲಿಲ್ಲ, ಮೂರನೆಯದನ್ನು ಬಿಚ್ಚಿ ಕೂಡಿಸುವುದರಲ್ಲೇ ವಾರ ಕಳೆಯಿತು. ಬಿದ್ದ ದಿನದಿಂದ ಇಪ್ಪತ್ತೆರಡನೇ ದಿನಕ್ಕೆ ಕೈ ಸರಿಯಾಯಿತು. ಅಷ್ಟರಲ್ಲಿ ಮ್ಯಾಲಿನ ಊರಿಗೆ ದಡಾರ ಬಂದಿತ್ತು.

ನನಗೆ ತಿಳಿದದ್ದು ಒಬ್ಬ ತಾಯಿ ಹನ್ನೊಂದು ತಿಂಗಳ ಹೆಣ್ಣುಕೂಸನ್ನು ಹೊತ್ತುಕೊಂಡು ಕೆಳಗೆ ಇಳಿದು ಬಂದಾಗ. ಮೈಯೆಲ್ಲ ದದ್ದು, ಎಡಗಣ್ಣು ಬೆಳ್ಳಗೆ. ಬಾಗಲಕೋಟೆಯ ದವಾಖಾನೆಗೆ ಕಳಿಸಿದೆ. ಜೀವ ಉಳಿಯಿತು, ಆ ಕಣ್ಣು ಉಳಿಯಲಿಲ್ಲ. ನನ್ನ ದಫ್ತರದಲ್ಲಿ ಆ ಕೂಸಿನ ಹೆಸರಿತ್ತು. ಬಂಡೆಯ ಮೇಲೆ ಒಡೆದ ಬಾಟಲಿಗಳಲ್ಲಿ ಅವಳ ಪಾಲಿನದೂ ಒಂದು.

ಲಸಿಕೆಯ ದಿನ ಬೆಳಿಗ್ಗೆ ಸೈಕಲ್ಲು ತರಲು ಹೋದೆ. ಪರೀಕ್ಷೆ ಮಾಡಿದಿರಾ ಎಂದು ಕೇಳಿದೆ, ನಿನ್ನೆ ಕೆರೆ ಏರಿಯ ಮೇಲೆ ಹತ್ತಿ ಇಳಿದೆ ಎಂದರು. ಡಬ್ಬಿಯನ್ನು ಕ್ಯಾರಿಯರಿಗೆ ತಾವೇ ಬಿಗಿದರು. ಆಮೇಲೆ ಹ್ಯಾಂಡಲ್ಲು ಹಿಡಿದುಕೊಂಡೇ ಕೇಳಿದರು.

"ಅವತ್ತಿನ ಸಂಬಂಧ ಮ್ಯಾಲ ಯಾರಿಗೂ ಏನೂ ಆಗಿಲ್ಲಲ್ರಿ ಬಾಯಾರ?"

"ಏನೂ ಆಗಿಲ್ಲ ಕಾಕಾ" ಎಂದೆ.

ಅವರು ನನ್ನ ಮುಖ ನೋಡಿದರು. ನಾನು ಕಣ್ಣು ಸರಿಸಲಿಲ್ಲ, ಸುಳ್ಳು ಹೇಳುವಾಗ ಕಣ್ಣು ಸರಿಸಬಾರದೆಂದು ಸೂಜಿ ಚುಚ್ಚುವವರಿಗೆ ಯಾರೂ ಕಲಿಸಬೇಕಿಲ್ಲ. ಹೇಳಿದ್ದರೆ ಆ ಮನುಷ್ಯ ಜನ್ಮದಲ್ಲಿ ಇನ್ನು ಆ ಸೈಕಲ್ಲು ಮುಟ್ಟುತ್ತಿರಲಿಲ್ಲ ಎಂಬುದು ನನ್ನ ಲೆಕ್ಕ. "ಹಂಗಾದ್ರ ಹೋಗಿ ಬರ್ರಿ" ಎಂದು ಹ್ಯಾಂಡಲ್ಲು ಬಿಟ್ಟರು.

ಆ ಏರನ್ನು ನಾನು ಮರೆಯಲಾರೆ. ಬಿದ್ದ ಜಾಗ ಬಂದಾಗ ಹಿಡಿಕೆ ಎಳೆದೆ. ಹಿಂದೆ ಟಕ್ಕೆಂದು ಒಂದು ಸದ್ದು, ಚೈನು ದೊಡ್ಡ ಗಾಲಿಗೆ ಏರಿತು, ಪೆಡಲು ಹಗುರಾಯಿತು. ಗುಡ್ಡ ಅಲ್ಲೇ ಇತ್ತು, ಬಿಸಿಲು ಅಷ್ಟೇ ಇತ್ತು, ನನ್ನ ಕಾಲಿಗೆ ಮಾತ್ರ ಯಾರೋ ಹಿಂದಿನಿಂದ ದಬ್ಬಿದಂತೆ ಇತ್ತು. ನಿಧಾನಕ್ಕೆ, ಒಮ್ಮೆಯೂ ಇಳಿಯದೆ, ಬಂಡೆ ಸುತ್ತಿ ಬಂಡೆ ಸುತ್ತಿ ಏರಿದೆ. ಅಳುತ್ತಿದ್ದೆ ಎಂದು ಮೇಲೆ ಮುಟ್ಟಿದ ಮೇಲೆ ಗೊತ್ತಾಯಿತು. ಡಬ್ಬಿಯಲ್ಲಿ ಐಸ್ ಇನ್ನೂ ಸದ್ದು ಮಾಡುತ್ತಿತ್ತು.

ಕಟ್ಟೆಯ ತುಂಬ ಹೆಂಗಸರು. ಒಂದು ಮನೆಯೂ ಉಳಿಯದಂತೆ ಎಲ್ಲ ತಾಯಂದಿರೂ ಕೂಸುಗಳನ್ನು ಹೊತ್ತು ಬಂದು ಕೂತಿದ್ದರು. ಮೂರು ಸಲ ಮೋಸ ಹೋದವರು, ಊರಿಗೆ ದಡಾರ ಬಂದದ್ದನ್ನು ಕಂಡವರು, ನನ್ನನ್ನು ಕಲ್ಲಿನಿಂದ ಹೊಡೆದಿದ್ದರೂ ತಪ್ಪೆನ್ನುತ್ತಿರಲಿಲ್ಲ. ಒಬ್ಬರೂ ಒಂದು ಮಾತು ಅನ್ನಲಿಲ್ಲ. ಏರುವ ಸೈಕಲ್ಲಿನ ಸುದ್ದಿ ಕೇಳಿ ನೋಡಲು ಬಂದಿದ್ದಾರೆ ಎಂದುಕೊಂಡೆ. ಎಳೇ ವಯಸ್ಸು, ನನ್ನ ಬಗ್ಗೆ ನನಗೆ ಭಾಳ ಅಭಿಮಾನವಿತ್ತು.

ಆ ಸೈಕಲ್ಲಿನ ಮೇಲೆ ತಿಂಗಳು ತಪ್ಪದೆ ಏರಿದೆ, ಬದಾಮಿಗೆ ವರ್ಗವಾಗುವವರೆಗೂ. ಒಂದು ಬಾಟಲಿಯನ್ನೂ ಮತ್ತೆ ಚೆಲ್ಲಲಿಲ್ಲ. ಹೋಗುವಾಗ ಸೈಕಲ್ಲನ್ನು ಕಾಕಾನ ಅಂಗಡಿಯಲ್ಲೇ ಬಿಟ್ಟೆ, ಬೇರೆ ಯಾರಿಗೂ ಅದನ್ನು ಸಂಭಾಳಿಸಲು ಬರುತ್ತಿರಲಿಲ್ಲ. ಬದಾಮಿಯಲ್ಲಿ ಕೆಲಸ, ಮದುವೆ, ಮಗಳು... ಗುಡೂರಿಗೆ ಹೋಗಬೇಕು ಹೋಗಬೇಕು ಅನ್ನುತ್ತಲೇ ಎರಡು ವರ್ಷ ಕಳೆದವು. ಕಾಕಾ ತೀರಿಕೊಂಡ ಸುದ್ದಿ ಬಸ್ಸಿನಲ್ಲಿ ಯಾರೋ ಹೇಳಿದಾಗ ಅವರು ಹೋಗಿ ನಾಲ್ಕು ತಿಂಗಳಾಗಿತ್ತು.

ಮನೆಯವರನ್ನು ಮಾತಾಡಿಸಿಕೊಂಡು ಬರಲು ಹೋದೆ. ಅಂಗಡಿಗೆ ಬೀಗ, ಕಾಕಾನ ಹೆಂಡತಿ ಇಳಕಲ್ಲಿಗೆ ಹೋಗಿದ್ದರು. ತಿರುಗಿ ಬರುವ ಮನಸ್ಸಾಗದೆ, ಒಂದು ಟ್ರ್ಯಾಕ್ಟರ್ ಹತ್ತಿ ಮ್ಯಾಲಿನ ಊರಿಗೆ ಹೋದೆ. ಆ ಹೆಣ್ಣುಮಗು ಅಂಗಳದಲ್ಲಿ ಆಡುತ್ತಿದ್ದಳು, ಒಂದು ಕಣ್ಣಿನಿಂದ ನನ್ನನ್ನು ನೋಡಿ ಒಳಗೋಡಿದಳು. ಅವಳ ತಾಯಿ ಕೂರಿಸಿ ನೀರು ಕೊಟ್ಟಳು. ಸೈಕಲ್ ಕಾಕಾ ಹೋದರಂತೆ ಎಂದು ನಾನೇ ಮಾತು ತೆಗೆದೆ. ಅವಳಿಗೂ ಗೊತ್ತಿತ್ತು. ಈಗ ಹೇಳಿದರೆ ತಪ್ಪಿಲ್ಲ ಎಂದು ಶುರುಮಾಡಿದಳು.

ನಾನು ಹೊಸ ಕೈಯ ಸೈಕಲ್ಲಿನಲ್ಲಿ ಏರಿದ್ದರ ಹಿಂದಿನ ದಿನ ಕಾಕಾ ಅಲ್ಲಿಗೆ ಬಂದಿದ್ದರಂತೆ. ಅದೇ ಸೈಕಲ್ಲು, ಹಿಂದೆ ಡಬ್ಬಿಯ ತೂಕದ ಎರಡು ಕಲ್ಲು ಕಟ್ಟಿಕೊಂಡು, ಆ ಸೊಂಟ ಇಟ್ಟುಕೊಂಡು, ಪೂರ್ತಿ ಗುಡ್ಡ ಏರಿ ಬಂದಿದ್ದರಂತೆ. ನೀರು ಕೇಳಿದವರು ಕಣ್ಣಿಗೆ ಪಟ್ಟಿ ಕಟ್ಟಿದ್ದ ಕೂಸನ್ನು ನೋಡಿದ್ದಾರೆ. ಏನಾಯಿತು ಎಂದು ಕೇಳಿದ್ದಾರೆ. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಹಳ ಹೊತ್ತು ಕೂತಿದ್ದಾರೆ. ಆಮೇಲೆ ಕಟ್ಟೆಗೆ ಹೋಗಿ, ಊರ ಹೆಂಗಸರನ್ನು ಕರೆಸಿ, ಕೈಮುಗಿದು ನಿಂತಿದ್ದಾರೆ.

"ಚೈನ್ ಕಡದಾಂವ ನಾನ. ನರ್ಸಬಾಯಾರದು ಒಂದ್ ಎಳಿ ತಪ್ಪಿಲ್ಲ. ನಾಳಿ ಅವ್ರು ಬರ್ತಾರ, ನೀವೆಲ್ಲಾ ಕೂಸು ತಗೊಂಡು ಬರ್ರಿ. ನಾ ಬಂದಿದ್ದು ಅವರಿಗೆ ಹೇಳಬ್ಯಾಡ್ರಿ ಅಂದ್ರು" ಎಂದಳು ಅವಳು.

ಮರುದಿನ ಬೆಳಿಗ್ಗೆ ನನ್ನ ಹ್ಯಾಂಡಲ್ಲು ಹಿಡಿದು ಆ ಪ್ರಶ್ನೆ ಕೇಳಿದಾಗ ಅವರಿಗೆ ಎಲ್ಲ ಗೊತ್ತಿತ್ತು. ತಪ್ಪಿನ ಭಾರ ನಾನೊಬ್ಬಳೇ ಹೊತ್ತಿದ್ದೇನೇನೋ ಎಂದು ನೋಡಲು ಕೇಳಿದರೋ, ನಿಜ ಹೇಳಿ ಅದನ್ನು ಇಳಿಸುತ್ತೇನೇನೋ ಎಂದು ಕೇಳಿದರೋ... ನಾನು ಸುಳ್ಳು ಹೇಳಿದೆ, ಅವರು ಅದನ್ನು ತೆಗೆದುಕೊಂಡು ನನ್ನನ್ನು ಗುಡ್ಡಕ್ಕೆ ಕಳಿಸಿದರು. ಅಷ್ಟು ವರ್ಷ ನಾನು ಅವರನ್ನು ಕಾಪಾಡಿದೆ ಎಂದು ಬೀಗುತ್ತ ಆ ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆ. ಅಂಥ ದೊಡ್ಡ ಮನುಷ್ಯನನ್ನು ನಾನು ಮತ್ತೆ ಕಾಣಲಿಲ್ಲ.

ವಿದ್ಯಾಗಿರಿಯ ಅಂಗಡಿಯವನು ಉದ್ದನೆಯ ಕೈಯ ಡಿರೇಲರ್ ಹಾಕಿ ಮುಗಿಸಿದ. ಮಗಳು ಮುಂದಿನ ಏರಿನವರೆಗೆ ಹೋಗಿ ಬಂದಳು, ಭಾಳ ಹಗುರಾತವ್ವಾ, ದಬ್ಬಿದಂಗ ಆಗತೈತಿ ಎಂದಳು. ಹೌದು ಎಂದು, ಆ ಹೊಸ ಕೈಯನ್ನು ಬೆರಳಲ್ಲಿ ಮುಟ್ಟಿ ನೋಡಿದೆ. ಕಾಕಾ, ಅವತ್ತು ನೀವು ಹ್ಯಾಂಡಲ್ಲು ಹಿಡಿದು ಕೇಳಿದಾಗ, ಆಗಿತ್ತು ಎಂದು ಒಂದು ಮಾತು ನಿಮಗೆ ಹೇಳಬೇಕಿತ್ತು.